ಆಪರೇಷನ್ ಮುಂಚೆ ಹೊಟ್ಟೆ ಖಾಲಿ ಯಾಕೆ?

ನಾಳೆ ಕಲಬುರಗಿಯಲ್ಲಿ ಆಪರೇಷನ್ ಅಂದರೆ ಸೇಡಂ, ಚಿಂಚೋಳಿಯಿಂದ ಪೇಷೆಂಟ್ ಜೊತೆ ಬುತ್ತಿಯೂ ಬರುತ್ತೆ. ರೊಟ್ಟಿ, ಶೇಂಗಾ ಹಿಂಡಿ. 'ರಾತ್ರಿ 12ರ ಮೇಲೆ ಏನೂ ಕೊಡಬೇಡಿ' ಅಂತ ನರ್ಸ್ ಹೇಳಿ ಹೋಗ್ತಾರೆ. ಅವರು ಆ ಕಡೆ ಹೋದ ಕೂಡಲೇ ಮನೆಯವರ ಮನಸ್ಸು ಕರಗುತ್ತೆ: 'ಒಂದ್ ತುತ್ತು ಉಣ್ಣು, ಏನೂ ಆಗಂಗಿಲ್ಲ.'

ಆಗುತ್ತೆ ಸ್ವಾಮಿ. ಏನಾಗುತ್ತೆ ಅಂತ ಬಿಡಿಸಿ ಹೇಳುವವರು ಕಡಿಮೆ, ಅಷ್ಟೇ.

ನಾನು ಎಂಜಿನಿಯರಿಂಗ್ ಓದಿದವನು. ವಾಡಿ ಜಂಕ್ಷನ್ ಇಟ್ಟುಕೊಂಡೇ ಹೇಳ್ತೀನಿ. ಶಹಾಬಾದ್ ಕಡೆಯಿಂದ ಬಂದ ರೈಲಿಗೆ ವಾಡಿಯಲ್ಲಿ ಎರಡು ದಾರಿ: ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಹೈದರಾಬಾದಿಗೆ. ನಮ್ಮ ಗಂಟಲೂ ಅಂಥದ್ದೇ ಜಂಕ್ಷನ್. ಒಂದು ದಾರಿ ಹೊಟ್ಟೆಗೆ, ಇನ್ನೊಂದು ಶ್ವಾಸಕೋಶಕ್ಕೆ. ಎಚ್ಚರ ಇದ್ದಾಗ ಅಗುಳು ದಾರಿ ತಪ್ಪಿದರೆ ಕೆಮ್ಮು ಹೊರಗೆ ತಳ್ಳುತ್ತೆ. ಪೂರ್ತಿ ಅರಿವಳಿಕೆ ಕೊಟ್ಟಾಗ ಆ ಕೆಮ್ಮೂ ಮಲಗಿಬಿಡುತ್ತೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಗಟ್ಟಿ ಆಹಾರ ಉಸಿರು ಕಟ್ಟಿಸುತ್ತೆ, ಹೊಟ್ಟೆಯ ಆಮ್ಲ ಶ್ವಾಸಕೋಶವನ್ನು ಸುಡುತ್ತೆ. ಅರಿವಳಿಕೆ ಪಡೆದ ಬಾಣಂತಿಯರಲ್ಲಿ ಹೀಗಾದ 66 ಪ್ರಕರಣಗಳನ್ನು 1946ರಲ್ಲಿ ಅಮೆರಿಕದ ವೈದ್ಯ ಕರ್ಟಿಸ್ ಮೆಂಡೆಲ್ಸನ್ ಪ್ರಕಟಿಸಿದರು. ಖಾಲಿ ಹೊಟ್ಟೆಯ ನಿಯಮ ಬಿಗಿಯಾಗೋದಕ್ಕೆ ಅದು ದೊಡ್ಡ ಕಾರಣ.

ಆದರೆ ಅತಿ ಮಾಡೋದೂ ತಪ್ಪು. ಮೇ ತಿಂಗಳ ಬಿಸಿಲು, ಮಧ್ಯಾಹ್ನ 3ಕ್ಕೆ ಆಪರೇಷನ್, ರಾತ್ರಿ 12ರಿಂದ ಹನಿ ನೀರಿಲ್ಲ. ಲೆಕ್ಕ ಹಾಕಿ, 15 ಗಂಟೆ! ಮಕ್ಕಳು, ಮುದುಕರು ಬಳಲಿ ಹೋಗ್ತಾರೆ. ಇದು ಶಿವರಾತ್ರಿ ಉಪವಾಸವೂ ಅಲ್ಲ, ರೋಜಾ ಕೂಡ ಅಲ್ಲ. ಜಾಸ್ತಿ ಮಾಡಿದರೆ ಪುಣ್ಯ ಬರಲ್ಲ.

ನೀರು ಹೊಟ್ಟೆಯಿಂದ ಬೇಗ ಇಳಿಯುತ್ತೆ. ಅದಕ್ಕೇ ಮೊದಲೇ ಗೊತ್ತುಮಾಡಿದ ಆಪರೇಷನ್‌ಗೆ ಇವತ್ತಿನ ಸಾಮಾನ್ಯ ನಿಯಮ ಹೀಗಿದೆ: ನೀರು, ಹಾಲಿಲ್ಲದ ಚಹಾ 2 ಗಂಟೆ ಮುಂಚಿನವರೆಗೆ. ತಾಯಿಹಾಲು 4 ಗಂಟೆ. ಹಗುರ ತಿಂಡಿ, ಹಸುವಿನ ಹಾಲು 6 ಗಂಟೆ. ಎಣ್ಣೆ, ಮಾಂಸದ ಊಟ 8 ಗಂಟೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರಲ್ಲ, ಹಾಲಿನ ಲೆಕ್ಕ. ಸಕ್ಕರೆ ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಈ ಗಂಟೆಗಳು ಬದಲಾಗಬಹುದು. ಕೊನೇ ಮಾತು ಅರಿವಳಿಕೆ ವೈದ್ಯರದ್ದೇ.

ಅವರನ್ನೇ ಎರಡು ಪ್ರಶ್ನೆ ಕೇಳಿ: ಊಟ ಎಷ್ಟೊತ್ತಿಗೆ ನಿಲ್ಲಿಸಬೇಕು? ನೀರು ಎಷ್ಟೊತ್ತಿಗೆ? ಕದ್ದು ತಿಂದಿದ್ದರೆ ಅದನ್ನೂ ಹೇಳಿಬಿಡಿ. ಬೈಬಹುದು, ಆಪರೇಷನ್ ಮುಂದೂಡಬಹುದು, ಚಿಂಚೋಳಿಯಿಂದ ಇನ್ನೊಂದು ಸಲ ಬಸ್ಸು ಹತ್ತಬೇಕಾಗಬಹುದು. ಹತ್ತಿದರಾಯ್ತು. ಹೋದ ಜೀವಕ್ಕೆ ಇನ್ನೊಂದು ಬಸ್ಸಿಲ್ಲ.