ಕಮತಗಿಯ ಮಗ್ಗ, ದಿಲ್ಲಿಯ ಕಾಯಿದೆ

ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯಲ್ಲಿರುವ ಕಮತಗಿ ಮಗ್ಗದ ಊರು. ಇಳಕಲ್ಲ, ಸೂಳೇಭಾವಿ, ಗುಳೇದಗುಡ್ಡಗಳ ಹಾಗೆ ಇಲ್ಲಿಯೂ ನೇಯ್ಗೆ ನಡೆಯುವುದು ಕಾರ್ಖಾನೆಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಒಬ್ಬರು ಲಾಳಿ ಎಸೆಯುತ್ತಾರೆ. ಮನೆಯ ಇನ್ನಿಬ್ಬರು ಕಂಡಿಕೆ ಸುತ್ತುವುದು, ಹಾಸು ಹೊಂದಿಸುವುದು ಮುಂತಾದ ಕೆಲಸ ನೋಡಿಕೊಳ್ಳುತ್ತಾರೆ. ಬಂಡವಾಳದ ಬಲವನ್ನು ಸರ್ಕಾರ ಎಷ್ಟರ ಮಟ್ಟಿಗೆ ಹತೋಟಿಯಲ್ಲಿಡಬಲ್ಲದು, ಆ ಹತೋಟಿಯಿಂದ ದುಡಿಯುವವರಿಗೂ ಕೊಳ್ಳುವವರಿಗೂ ಏನು ಸಿಕ್ಕಿತು ಎಂಬುದನ್ನು ಅರಿಯಲು ಇಂಥ ಪಡಸಾಲೆ ಒಳ್ಳೆಯ ಜಾಗ. ಸೀರೆಯ ನೂಲಿಗೆ, ಹೆಸರಿಗೆ, ತೆರಿಗೆಗೆ ಒಂದೊಂದು ಕಾನೂನು ಇದೆ. ನೇಯುವ ಕೈಗೆ ಸಿಗುವ ಮಜೂರಿಯ ಹತ್ತಿರ ಬರುವಾಗ ಆ ಕಾನೂನುಗಳೆಲ್ಲ ಸೊರಗುತ್ತವೆ.

ಮೊದಲು ಸೀರೆಯನ್ನೇ ನೋಡಬೇಕು. ಇಲ್ಲಿ ನೇಯುವ ಇಳಕಲ್ಲ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಮತ್ತೊಂದು ಹಾಸು. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದೋ ಚಮಕವೆಂಬ ಕೃತಕ ನೂಲಿನದೋ ಆಗಿರುತ್ತದೆ. ಒಡಲಿನ ಎಳೆಗಳ ತುದಿಯನ್ನೂ ಸೆರಗಿನ ಎಳೆಗಳ ತುದಿಯನ್ನೂ ಕುಣಿಕೆ ಮಾಡಿ ಒಂದರೊಳಗೊಂದು ಕೊಂಡಿ ಹಾಕಲಾಗುತ್ತದೆ. ತೋಪ ತೆಣಿ ಎಂದು ಕರೆಯುವ ಕೆಂಪು–ಬಿಳಿಯ ಸೆರಗು ಹುಟ್ಟುವುದು ಈ ಜೋಡಣೆಯಿಂದ. ಈ ಕೆಲಸಕ್ಕೆ ಬೆರಳು ಬೇಕು, ಹೊತ್ತು ಬೇಕು. ಒಂದು ಸೀರೆಯ ಸೆರಗು ಮುಗಿದು ಇನ್ನೊಂದು ಸೀರೆ ಶುರುವಾದರೆ ಮತ್ತೆ ಕೊಂಡಿ ಹಾಕಬೇಕು. ವಿದ್ಯುತ್ ಮಗ್ಗಕ್ಕೆ ಈ ತಾಪತ್ರಯವಿಲ್ಲ. ಒಂದೇ ಉದ್ದನೆಯ ಹಾಸಿನ ಮೇಲೆ ಸೆರಗಿನ ಬಣ್ಣವನ್ನೂ ತೆಣಿಯ ಚಿತ್ರವನ್ನೂ ಮೂಡಿಸಿ ಸೀರೆಯ ಮೇಲೆ ಸೀರೆ ಇಳಿಸುತ್ತದೆ. ದೂರದಿಂದ ನೋಡಿದರೆ ಎರಡೂ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಮಗ್ಗದ ಮನೆಯ ಮೇಲೆ ಹಿಡಿತವಿರುವುದು ಒಂದೇ ಕಂಪನಿಗಲ್ಲ, ಒಂದು ಸರಪಳಿಗೆ. ನೂಲಿನ ಗಿರಣಿ, ನೂಲಿನ ವ್ಯಾಪಾರಿ, ನೂಲು ಕೊಟ್ಟು ಸೀರೆ ಪಡೆಯುವ ಸಾವಕಾರ, ಸಗಟು ಅಂಗಡಿ, ಈಗೀಗ ಆನ್‌ಲೈನ್ ಮಾರಾಟ ಜಾಲ. ನೇಕಾರರಲ್ಲಿ ಸ್ವಂತ ಬಂಡವಾಳದವರು ಕಡಿಮೆ. ಕೆಲವರು ಸಹಕಾರ ಸಂಘಕ್ಕೆ ನೇಯುತ್ತಾರೆ, ಹಲವರು ಸಾವಕಾರನಿಗೆ. ಸೀರೆಗಿಷ್ಟು ಎಂಬ ಮಜೂರಿ, ಅದರಲ್ಲಿ ಮುಂಗಡದ ಮುರಿತ, ನೇಯ್ಗೆಯಲ್ಲಿ ತಪ್ಪು ಕಂಡರೆ ಇನ್ನಷ್ಟು ಮುರಿತ. ಮುಂಗಡ ತೀರುವ ತನಕ ಬೇರೆ ಸಾವಕಾರನ ಹತ್ತಿರ ಹೋಗುವ ಹಾಗಿಲ್ಲ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿದ್ದು ಈ ಕಟ್ಟನ್ನು ಸಡಿಲಿಸುವುದಕ್ಕೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ಈ ನಿಗಮ ಸಂಘಗಳ ಹೊರಗಿದ್ದ ನೇಕಾರರಿಗೆ ನೂಲು ಕೊಟ್ಟು, ಬಟ್ಟೆ ಪಡೆದು, ಮಜೂರಿ ಕೊಡುತ್ತದೆ. ಸಾವಕಾರನ ಜಾಗದಲ್ಲಿ ಸರ್ಕಾರ ತಾನೇ ನಿಂತಿತು. ಆದರೆ ನಿಗಮದಿಂದ ಕೆಲಸ ಬಾರದ ತಿಂಗಳುಗಳಲ್ಲಿ ನೇಕಾರ ಮತ್ತೆ ಹಳೆಯ ಬಾಗಿಲಿಗೇ ಹೋಗಬೇಕಾಗುತ್ತದೆ.

ಗಿರಣಿಗಳನ್ನು ಹತೋಟಿಯಲ್ಲಿಡುವ ಪ್ರಯತ್ನ ಸ್ವಾತಂತ್ರ್ಯದ ಬೆನ್ನಿಗೇ ಶುರುವಾಯಿತು. 1950ರಲ್ಲಿ ಹತ್ತಿ ಜವಳಿ ನಿಯಂತ್ರಣ ಆದೇಶದ ಅಡಿಯಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಬಿಟ್ಟುಕೊಡಲಾಯಿತು. 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಅಬಕಾರಿ ಸುಂಕ ಹಾಕಿ, ಆ ಹಣವನ್ನು ಖಾದಿಗೂ ಕೈಮಗ್ಗಕ್ಕೂ ಮೀಸಲಿಡಲಾಯಿತು. ಮರುವರ್ಷ ಜವಳಿ ವಿಚಾರಣೆಗೆ ಸರ್ಕಾರ ನೇಮಿಸಿದ್ದ ಕಾನೂನ್‌ಗೋ ಸಮಿತಿ ಇದಕ್ಕೆ ವಿರುದ್ಧವಾದ ದಾರಿ ತೋರಿಸಿ, ಕೈಮಗ್ಗಗಳನ್ನು ಹಂತಹಂತವಾಗಿ ವಿದ್ಯುತ್ ಮಗ್ಗಗಳಾಗಿ ಮಾರ್ಪಡಿಸಬೇಕೆಂದಿತು. ಉದ್ಯೋಗ ಉಳಿಸುವುದೋ ಉತ್ಪಾದನೆ ಹೆಚ್ಚಿಸುವುದೋ ಎಂಬ ಈ ಎಳೆದಾಟ ಜವಳಿ ನೀತಿಯನ್ನು ಮುಂದೆಂದೂ ಬಿಟ್ಟುಹೋಗಲಿಲ್ಲ.

ಸಂಸತ್ತು 1985ರಲ್ಲಿ ಕೈಮಗ್ಗ (ಉತ್ಪಾದನೆಗಾಗಿ ವಸ್ತುಗಳ ಮೀಸಲಾತಿ) ಕಾಯಿದೆ ಮಾಡಿತು. ಮರುವರ್ಷ 22 ವಸ್ತುಗಳ ಪಟ್ಟಿ ಹೊರಬಂತು. ಪಟ್ಟಿಯಲ್ಲಿದ್ದುದನ್ನು ವಿದ್ಯುತ್ ಮಗ್ಗದಲ್ಲಿ ನೇಯ್ದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಒಂದು ಮಗ್ಗಕ್ಕೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಎಂದು ಮೂಲ ಕಾಯಿದೆ ಹೇಳಿತು. ವಿದ್ಯುತ್ ಮಗ್ಗದ ಮಾಲೀಕರು ಕೋರ್ಟಿಗೆ ಹೋದರು. ವರ್ಷಗಟ್ಟಲೆ ವ್ಯಾಜ್ಯ ನಡೆದು, 1993ರಲ್ಲಿ ಸುಪ್ರೀಂ ಕೋರ್ಟ್ ಕಾಯಿದೆಯನ್ನು ಎತ್ತಿಹಿಡಿಯಿತು. ಗೆದ್ದ ಕಾಯಿದೆ ಮೂರೇ ವರ್ಷಕ್ಕೆ ಸಣ್ಣದಾಯಿತು. 1996ರಲ್ಲಿ ಪಟ್ಟಿ 11 ವಸ್ತುಗಳಿಗೆ ಇಳಿಯಿತು. ಸೀರೆ, ಧೋತ್ರ, ಟವೆಲ್, ಲುಂಗಿ, ಜಮಖಾನ, ಕಂಬಳಿ, ಶಾಲು ಉಳಿದವುಗಳಲ್ಲಿ ಸೇರಿವೆ.

ಸೀರೆ ಪಟ್ಟಿಯಲ್ಲಿ ಉಳಿದರೂ ಮೀಸಲಾತಿ ಎಲ್ಲ ಸೀರೆಗೂ ಅನ್ವಯಿಸುವುದಿಲ್ಲ. ಯಾವ ನೂಲು, ಎಂಥ ಅಂಚು, ಎಂಥ ಸೆರಗು ಎಂಬ ವಿವರಣೆಯ ಮೇಲೆ ಅದು ನಿಂತಿದೆ. ನೂಲು ಬದಲಿಸಿ ಪಾಲಿಯೆಸ್ಟರ್‌ನಲ್ಲಿ ಅದೇ ಅಂಚು, ಅದೇ ಸೆರಗಿನ ಚಿತ್ರ ತಂದರೆ ಕಾಯಿದೆಗೆ ಹಿಡಿಯಲು ಏನೂ ಸಿಗುವುದಿಲ್ಲ. ತಪಾಸಣೆಯೂ ಸುಲಭವಲ್ಲ, ಏಕೆಂದರೆ ವಿದ್ಯುತ್ ಮಗ್ಗಗಳು ದೊಡ್ಡ ಗಿರಣಿಯ ಒಂದೇ ಆವರಣದಲ್ಲಿಲ್ಲ, ನೂರಾರು ಸಣ್ಣ ಶೆಡ್‌ಗಳಲ್ಲಿ ಹರಡಿವೆ. ಅವು ಹೀಗೆ ಹರಡಿರುವುದಕ್ಕೆ ಕಾರ್ಮಿಕ ಕಾನೂನೂ ಒಂದು ಕಾರಣ. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವಲ್ಲಿ 10 ಮಂದಿ, ಬಳಸದಲ್ಲಿ 20 ಮಂದಿ ಇದ್ದರಷ್ಟೇ ಅನ್ವಯಿಸುತ್ತಿತ್ತು. ಮನೆಯವರ ಬೇರೆಬೇರೆ ಹೆಸರಿನಲ್ಲಿ ನಾಲ್ಕಾರು ಮಗ್ಗ ತೋರಿಸಿದರೆ ಕಾರ್ಖಾನೆ ಎಂಬುದೇ ಇರುವುದಿಲ್ಲ. ಇದೇ ಜಿಲ್ಲೆಯ ರಬಕವಿ–ಬನಹಟ್ಟಿ ವಿದ್ಯುತ್ ಮಗ್ಗಕ್ಕೆ ಹೆಸರಾದ ಊರು. ಅಂಥ ಊರುಗಳಲ್ಲಿ ಮಗ್ಗ ನಡೆಸುವ ಕೂಲಿಕಾರನೂ ಕಮತಗಿಯ ಕೈಮಗ್ಗದವನಷ್ಟೇ ಬಡವ. ಇಬ್ಬರನ್ನು ಎದುರಾಳಿಗಳೆಂದು ತೋರಿಸುವ ವಾದಗಳಲ್ಲಿ ನೂಲು ಮಾರುವವನೂ ಸೀರೆ ಮಾರುವವನೂ ಮರೆಯಲ್ಲೇ ಉಳಿಯುತ್ತಾರೆ.

ನೂಲಿನ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ. ಕೈಮಗ್ಗಕ್ಕೆ ಬೇಕಾದದ್ದು ಲಡಿ ನೂಲು, ಅಂದರೆ ಸಡಿಲ ಸುರುಳಿಯಾಗಿ ಕಟ್ಟಿದ ನೂಲು. ಅದನ್ನೇ ಬಣ್ಣಕ್ಕೆ ಹಾಕಿ, ಗಂಜಿ ಕೊಟ್ಟು, ಸುತ್ತಿಕೊಳ್ಳುವುದು. ಗಿರಣಿಗೆ ಲಾಭ ಶಂಕುವಿನಾಕಾರದ ಉರುಳೆಗೆ ಸುತ್ತಿದ ಕೋನ್ ನೂಲಿನಲ್ಲಿ. ಹೀಗಾಗಿ ಗಿರಣಿಗಳು ದೇಶದೊಳಗೆ ಮಾರುವ ನೂಲಿನಲ್ಲಿ ಒಂದು ಪಾಲನ್ನು ಲಡಿಯಾಗಿಯೇ ಕಟ್ಟಬೇಕೆಂಬ ಕಡ್ಡಾಯ 1970ರ ದಶಕದಿಂದ ಜಾರಿಯಲ್ಲಿದೆ. ಆ ಪಾಲು ಶೇ 50 ಇದ್ದದ್ದು 2003ರಲ್ಲಿ ಶೇ 40ಕ್ಕೆ, 2019ರಲ್ಲಿ ಶೇ 30ಕ್ಕೆ ಇಳಿಯಿತು. ಒಂದು ಗಿರಣಿ ತನ್ನ ಹೊಣೆಯನ್ನು ಇನ್ನೊಂದಕ್ಕೆ ದುಡ್ಡು ಕೊಟ್ಟು ವರ್ಗಾಯಿಸಲೂ ಅವಕಾಶವಿದೆ. ಸೀರೆಯ ಮೀಸಲಾತಿ ಕಣ್ಣಿಗೆ ಕಾಣುವ ಕಾನೂನು. ಅದು ಸಣ್ಣದಾದಾಗ ಗದ್ದಲವಾಗುತ್ತದೆ. ಲಡಿಯ ಪಾಲು ಇಳಿದದ್ದು ಸದ್ದಿಲ್ಲದೆ, ಅಧಿಸೂಚನೆಯ ಮೂಲಕ. ಮಗ್ಗ ನಿಲ್ಲಿಸುವ ಶಕ್ತಿಯಲ್ಲಿ ಎರಡನೆಯದು ಕಡಿಮೆಯೇನಲ್ಲ.

ಕೊಳ್ಳುವವರ ಕಡೆಯಿಂದ ನೋಡಿದರೆ ಪ್ರಶ್ನೆ ಬೇರೆ. ಅಂಗಡಿಯವ ಕೈಮಗ್ಗದ್ದೆಂದು ಹೇಳಿ ಕೊಟ್ಟ ಸೀರೆ ನಿಜಕ್ಕೂ ಹಾಗಿದೆಯೇ? 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದಕ್ಕೊಂದು ಉತ್ತರ. ಜವಳಿ ಸಮಿತಿಯಲ್ಲಿ ನೋಂದಾಯಿಸಿಕೊಂಡವರಷ್ಟೇ ಆ ಚೀಟಿ ಹಚ್ಚಬಹುದು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. 1999ರ ಕಾಯಿದೆಯಂತೆ ಸುಳ್ಳು ಭೌಗೋಳಿಕ ಗುರುತು ಹಚ್ಚಿ ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಲ್ಲಿ ಜಾರಿಯಾದ ಮೇಲೆ, ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ. ಕೊಳ್ಳುವಾಗಲೇ ಪರೀಕ್ಷಿಸಲು ಸುಲಭದ ದಾರಿಯೂ ಇದೆ: ಸೀರೆಯನ್ನು ಮಗುಚಿ ಒಡಲೂ ಸೆರಗೂ ಕೂಡುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಗಳ ಸಾಲು ಸಿಗುತ್ತದೆ. ಒಂದೇ ಹಾಸಿನ ಸೀರೆಯಲ್ಲಿ ಆ ಸಾಲು ಇರುವುದಿಲ್ಲ.

ತೆರಿಗೆಯೂ ಒಂದು ಬಗೆಯ ನಿಯಂತ್ರಣವೇ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕೈಮಗ್ಗದ ಬಟ್ಟೆಯೂ ಶೇ 5ರ ಪಟ್ಟಿಗೆ ಸೇರಿತು. ಚಮಕದಂಥ ಕೃತಕ ನೂಲಿಗೆ ಮೊದಲು ಶೇ 18, ಅದೇ ಅಕ್ಟೋಬರ್‌ನಲ್ಲಿ ಶೇ 12, 2025ರ ಸೆಪ್ಟೆಂಬರ್‌ನಲ್ಲಿ ಶೇ 5 ಆಯಿತು. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆಯೇ ಬೇಡವೆಂದು ರಂಗಕರ್ಮಿ ಪ್ರಸನ್ನ 2017ರಲ್ಲಿ ಕರ ನಿರಾಕರಣೆ ಸತ್ಯಾಗ್ರಹ ನಡೆಸಿ ಉಪವಾಸ ಕೂತರು. ಗಿರಣಿಗೂ ಕುಣಿಮಗ್ಗಕ್ಕೂ ಒಂದೇ ಅಳತೆ ಹಿಡಿದರೆ ಬಲವಿದ್ದವನೇ ಗೆಲ್ಲುತ್ತಾನೆ ಎಂಬುದು ಆ ಚಳವಳಿಯ ವಾದ. 1953ರ ಸುಂಕದ ಹಿಂದಿದ್ದ ತಿಳಿವಳಿಕೆಯೂ ಅದೇ.

ಇಷ್ಟೆಲ್ಲ ಕಾನೂನುಗಳಿದ್ದೂ ಲೆಕ್ಕ ಹೇಳುವುದು ಬೇರೆ. 2009–10ರ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ 43.31 ಲಕ್ಷ ನೇಕಾರರೂ ಪೂರಕ ಕೆಲಸಗಾರರೂ ಇದ್ದರು. 2019–20ರಲ್ಲಿ ಉಳಿದವರು 35.22 ಲಕ್ಷ. ಅವರಲ್ಲಿ ಹೆಂಗಸರೇ ಹೆಚ್ಚು. ಸುಮಾರು ಮೂರರಲ್ಲಿ ಎರಡು ಪಾಲು ಮನೆಗಳ ತಿಂಗಳ ಆದಾಯ ಆಗ 5,000 ರೂಪಾಯಿಗಿಂತ ಕಡಿಮೆಯಿತ್ತು.

ಮಜೂರಿಯ ವಿಷಯದಲ್ಲಿ ಕಾನೂನು ಪೂರ್ತಿ ಬಾಯಿ ಮುಚ್ಚಿಕೊಂಡಿರಲಿಲ್ಲ. 1948ರ ಕನಿಷ್ಠ ವೇತನ ಕಾಯಿದೆಯೇ ಇನ್ನೊಬ್ಬರು ಕೊಟ್ಟ ಸಾಮಾನಿನಿಂದ ತಮ್ಮ ಮನೆಯಲ್ಲಿ ವಸ್ತು ಮಾಡಿಕೊಡುವವರನ್ನೂ ನೌಕರರೆಂದು ಎಣಿಸಿತ್ತು. ತೊಡಕಿದ್ದದ್ದು ರುಜುವಾತಿನಲ್ಲಿ. ಸಾವಕಾರನ ವಹಿಯಲ್ಲಿ ನೇಕಾರ ನೌಕರನಲ್ಲ, ಮುಂಗಡ ಪಡೆದ ಸಾಲಗಾರ.

ಇದೇ ತೊಡಕನ್ನು ದಾಟಿದ ಉದಾಹರಣೆ ಕರ್ನಾಟಕದ ಕರಾವಳಿಯಲ್ಲಿದೆ. ಮಂಗಳೂರು ಸೀಮೆಯ ಬೀಡಿ ಕಂಪನಿಗಳು ಎಲೆ, ತಂಬಾಕು ಕೊಟ್ಟು ಹೆಂಗಸರಿಂದ ಮನೆಯಲ್ಲೇ ಬೀಡಿ ಕಟ್ಟಿಸುತ್ತಿದ್ದವು. ಅವರು ತಮ್ಮ ಕಾರ್ಮಿಕರಲ್ಲವೆಂದು ವಾದಿಸುತ್ತಿದ್ದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಕಟ್ಟುವವರನ್ನೂ ಗುತ್ತಿಗೆದಾರನ ಹಿಂದಿರುವ ಕಂಪನಿಯ ಹೊಣೆಗೆ ತಂದಿತು. ಕಟ್ಟಿ ತಂದ ಬೀಡಿಯಲ್ಲಿ ಎಷ್ಟನ್ನು ತಿರಸ್ಕರಿಸಬಹುದು ಎಂಬುದಕ್ಕೂ ಮಿತಿ ಬಂತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ಆ ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಇನ್ನೊಂದು ತೀರ್ಪು ಹೇಳಿತು. ಹೊಸ್ತಿಲ ಒಳಗಿನ ದುಡಿಮೆಗೆ ಕಾನೂನು ಕಾಲಿಡಲಾರದು ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಬೇಕಿಲ್ಲ. ಕೈಮಗ್ಗಕ್ಕೆ ಇಂಥ ಪ್ರತ್ಯೇಕ ಕಾಯಿದೆ ಬರಲಿಲ್ಲ. ಬಂದದ್ದು ನೆರವಿನ ಯೋಜನೆಗಳು. ರಾಜ್ಯದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿಯಿದ್ದದ್ದು ಆಮೇಲೆ 5,000 ಆಯಿತು. ಹಬ್ಬದ ಖರ್ಚಿಗೆ ಅದು ಆಸರೆ, ಆದರೆ ಅದನ್ನು ಕೊಡುವುದು ಖಜಾನೆ. ಸೀರೆಯಿಂದ ಲಾಭ ಪಡೆದವರ ಹೊಣೆ ಅದರಿಂದ ಹುಟ್ಟುವುದಿಲ್ಲ.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯಿದೆಗಳು ಅವುಗಳಲ್ಲಿ ಲೀನವಾದವು. ಹಾಗೆ ಲೀನವಾದವುಗಳಲ್ಲಿ ಬೀಡಿ ಕಾಯಿದೆಯೂ ಒಂದು. ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಸಂಖ್ಯೆ ವಿದ್ಯುತ್ ಇದ್ದಲ್ಲಿ 20ಕ್ಕೆ, ಇಲ್ಲದಲ್ಲಿ 40ಕ್ಕೆ ಏರಿತು. ಇದರಿಂದ ಇನ್ನಷ್ಟು ಶೆಡ್‌ಗಳು ತಪಾಸಣೆಯಿಂದ ಹೊರಗುಳಿಯುತ್ತವೆ. ಸಾಮಾಜಿಕ ಭದ್ರತಾ ಸಂಹಿತೆ ಮನೆಯಲ್ಲಿ ದುಡಿಯುವವರನ್ನು ಹೆಸರಿಸಿ, ಅಸಂಘಟಿತ ಕಾರ್ಮಿಕರ ಯೋಜನೆಗಳಿಗೆ ಅರ್ಹರನ್ನಾಗಿಸುತ್ತದೆ. ವೇತನ ಸಂಹಿತೆಯಲ್ಲಿ ದಿನಗೂಲಿಯ ಹಾಗೆ ಬಿಡಿ ಕೆಲಸಕ್ಕೂ ಕನಿಷ್ಠ ದರ ಗೊತ್ತುಮಾಡುವ ಅಧಿಕಾರ ಸರ್ಕಾರಕ್ಕಿದೆ. ಇಳಕಲ್ಲ ಸೀರೆಗೆ ಅಂಥ ದರ ಕಟ್ಟುವಾಗ ಲಾಳಿ ಓಡಿದ ಹೊತ್ತನ್ನಷ್ಟೇ ಎಣಿಸಿದರೆ ಸಾಲದು. ಹಾಸು ಹೊಂದಿಸಿದ ಹೊತ್ತು, ಕೊಂಡಿ ಹಾಕಿದ ಹೊತ್ತು, ಮನೆಯ ಹೆಂಗಸರು ಕಂಡಿಕೆ ಸುತ್ತಿದ ಹೊತ್ತು ಕೂಡ ಆ ದರದೊಳಗೆ ಬರಬೇಕು. ಮುಂಗಡದ ಮುರಿತಕ್ಕೆ ಮಿತಿಯೂ, ನೂಲು ಕೊಟ್ಟವನ ಸಹಿ ಇರುವ ಲೆಕ್ಕದ ಪುಸ್ತಕವೂ ಅದರ ಜೊತೆಗೇ ಇರಬೇಕು.