ಇಪ್ಪತ್ತು ಡಾಲರಿನ ಹೊನ್ನು, ಎಪ್ಪತ್ತು ವರ್ಷಗಳ ವ್ಯಾಜ್ಯ

2021ರ ಜೂನ್ 8ರಂದು ನ್ಯೂಯಾರ್ಕಿನ ಸದಬೀಸ್ ಹರಾಜು ಸಂಸ್ಥೆಯಲ್ಲಿ ಒಂದು ಬಂಗಾರದ ನಾಣ್ಯವು 1,88,72,250 ಡಾಲರುಗಳಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಇದು ನೂರು ಕೋಟಿ ರೂಪಾಯಿಗಳಿಗೂ ಮಿಗಿಲಾದ ಮೊತ್ತ. ನಾಣ್ಯದ ಮುಖಬೆಲೆ ಇಪ್ಪತ್ತು ಡಾಲರು; ತೂಕ ಸುಮಾರು 33.4 ಗ್ರಾಂ, ಅದರ ಹತ್ತರಲ್ಲಿ ಒಂಬತ್ತು ಪಾಲು ಚಿನ್ನ. ಇದೇ ವರ್ಷದ, ಇದೇ ಅಚ್ಚಿನ, ಇದೇ ತೂಕದ ಇನ್ನೂ ಹತ್ತು ನಾಣ್ಯಗಳನ್ನು ಒಂದು ಕುಟುಂಬವು ತನ್ನವೆಂದು ಹೇಳಿಕೊಂಡು ನ್ಯಾಯಾಲಯಕ್ಕೆ ಹೋಗಿ ಬರಿಗೈಯಲ್ಲಿ ಮರಳಿತು. ಲೋಹದಲ್ಲಿ ಇಲ್ಲದ ಭೇದವು ಕಾನೂನಿನಲ್ಲಿ ಹುಟ್ಟಿದ ಬಗೆಯನ್ನು ತಿಳಿಯಬೇಕಾದರೆ 1933ನೆಯ ಇಸವಿಗೆ ಹೋಗಬೇಕು.

ಅಮೆರಿಕದ ಹತ್ತು ಡಾಲರಿನ ಚಿನ್ನದ ನಾಣ್ಯಕ್ಕೆ 'ಈಗಲ್' ಎಂದು ಹೆಸರು. ಇಪ್ಪತ್ತರದು 'ಡಬಲ್ ಈಗಲ್'. 1907ರಿಂದ ಅದಕ್ಕೆ ಆಗಸ್ಟಸ್ ಸೇಂಟ್ ಗಾಡೆನ್ಸ್ ಎಂಬ ಶಿಲ್ಪಿ ರಚಿಸಿದ ರೂಪವಿತ್ತು. ಒಂದು ಮುಖದಲ್ಲಿ ಪಂಜು ಹಿಡಿದು ನಡೆದು ಬರುವ ಸ್ವಾತಂತ್ರ್ಯದೇವಿ, ಇನ್ನೊಂದರಲ್ಲಿ ರೆಕ್ಕೆ ಹರಡಿ ಹಾರುವ ಹದ್ದು. ಅಮೆರಿಕದ ನಾಣ್ಯಗಳಲ್ಲೆಲ್ಲ ಸುಂದರವಾದುದು ಇದೇ ಎಂದು ಅನೇಕ ಸಂಗ್ರಾಹಕರು ಹೇಳುವುದನ್ನು ಅದರ ಚಿತ್ರವನ್ನು ಕಂಡವರು ಅಲ್ಲಗಳೆಯಲಾರರು.

1933ರಲ್ಲಿ ಆರ್ಥಿಕ ಮುಗ್ಗಟ್ಟಿನಿಂದ ಬ್ಯಾಂಕುಗಳು ಕುಸಿಯುತ್ತಿದ್ದಾಗ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಏಪ್ರಿಲ್ 5ರಂದು ಒಂದು ಆದೇಶ ಹೊರಡಿಸಿ, ಜನರು ತಮ್ಮಲ್ಲಿದ್ದ ಚಿನ್ನದ ನಾಣ್ಯಗಳನ್ನೂ ಗಟ್ಟಿಗಳನ್ನೂ ಬ್ಯಾಂಕುಗಳಿಗೆ ಒಪ್ಪಿಸತಕ್ಕದ್ದೆಂದು ವಿಧಿಸಿದರು. ನಮ್ಮ ದೇಶದಲ್ಲಿಯೂ 1968ರ ಚಿನ್ನ ನಿಯಂತ್ರಣ ಕಾಯಿದೆಯು 1990ರವರೆಗೆ ಜಾರಿಯಲ್ಲಿದ್ದುದು ಮನೆಯ ಹಿರಿಯರಿಗೆ ನೆನಪಿರಬಹುದು. ರೂಸ್‌ವೆಲ್ಟರ ಆದೇಶದಲ್ಲಿ ಒಂದು ವಿನಾಯಿತಿಯಿತ್ತು: ಸಂಗ್ರಾಹಕರ ದೃಷ್ಟಿಯಲ್ಲಿ ವಿಶೇಷ ಮೌಲ್ಯವುಳ್ಳ ಅಪರೂಪದ ನಾಣ್ಯಗಳನ್ನು ಇಟ್ಟುಕೊಳ್ಳಬಹುದಾಗಿತ್ತು. ಮುಂದಿನ ಕಥೆಗೆ ಈ ಒಂದು ವಾಕ್ಯವೇ ಕೀಲಿ.

ವಿಚಿತ್ರವೆಂದರೆ ಅದೇ ಮಾರ್ಚ್‌ನಿಂದ ಮೇ ವರೆಗೆ ಫಿಲಡೆಲ್ಫಿಯಾದ ಟಂಕಸಾಲೆಯು 4,45,500 ಡಬಲ್ ಈಗಲ್‌ಗಳನ್ನು ಅಚ್ಚು ಹಾಕಿತ್ತು. ಅವುಗಳಲ್ಲಿ ಒಂದೂ ಚಲಾವಣೆಗೆ ಬಿಡುಗಡೆಯಾಗಲಿಲ್ಲವೆಂಬುದು ಸರಕಾರದ ನಿಲುವು. ಎರಡನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಕೊಟ್ಟು, ಉಳಿದವುಗಳನ್ನು 1937ರಲ್ಲಿ ಕರಗಿಸಿ ಗಟ್ಟಿ ಮಾಡಲಾಯಿತು. ಲೆಕ್ಕದ ಪುಸ್ತಕದ ಪ್ರಕಾರ ವಿಷಯ ಅಲ್ಲಿಗೆ ಮುಗಿಯಬೇಕಿತ್ತು.

1944ರಲ್ಲಿ ಅಂಥ ಒಂದು ನಾಣ್ಯವು ನ್ಯೂಯಾರ್ಕಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಪತ್ರಕರ್ತರೊಬ್ಬರು ಅದರ ಬಗ್ಗೆ ಟಂಕಸಾಲೆಯನ್ನು ವಿಚಾರಿಸಿದ್ದರಿಂದ ಅಧಿಕಾರಿಗಳು ಎಚ್ಚೆತ್ತರು. ಸೀಕ್ರೆಟ್ ಸರ್ವಿಸ್ ತನಿಖೆ ನಡೆಸಿದಾಗ, ಹೊರಬಂದಿದ್ದ ನಾಣ್ಯಗಳ ಜಾಡು ಇಸ್ರೇಲ್ ಸ್ವಿಟ್ ಎಂಬ ಫಿಲಡೆಲ್ಫಿಯಾದ ಚಿನ್ನದ ವ್ಯಾಪಾರಿಯ ಅಂಗಡಿಗೆ ಹೋಗಿ ಮುಟ್ಟುತ್ತಿತ್ತು. ಟಂಕಸಾಲೆಯ ಖಜಾಂಚಿಯೊಬ್ಬನ ಮೇಲೆ ಸಂಶಯ ಬಿತ್ತು. ಆದರೆ ಕಾಲಮಿತಿ ಮೀರಿದ್ದರಿಂದ ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. ಸಂಗ್ರಾಹಕರಿಂದ ಒಂಬತ್ತು ನಾಣ್ಯಗಳನ್ನು ಮರಳಿ ಪಡೆದು ಕರಗಿಸಲಾಯಿತು.

ಒಂದು ಮಾತ್ರ ತಪ್ಪಿಸಿಕೊಂಡಿತು. ತನಿಖೆ ಆರಂಭವಾಗುವ ಕೆಲವೇ ದಿನಗಳ ಮೊದಲು ಈಜಿಪ್ಟಿನ ದೊರೆ ಫಾರೂಕನ ಪರವಾಗಿ ಒಂದು ನಾಣ್ಯಕ್ಕೆ ರಫ್ತು ಪರವಾನಗಿ ಕೇಳಲಾಗಿತ್ತು. ನಾಣ್ಯವು ಮೇಲೆ ಹೇಳಿದ ವಿನಾಯಿತಿಗೆ ಒಳಪಡುವುದೆಂದು ಅಭಿಪ್ರಾಯ ಬಂದು, ಅಮೆರಿಕದ ಖಜಾನೆ ಇಲಾಖೆಯೇ ಪರವಾನಗಿಯನ್ನು ಕೊಟ್ಟುಬಿಟ್ಟಿತ್ತು. ಕಚೇರಿಯ ಮೇಜಿನ ಮೇಲೆ ಯಾರೋ ಒತ್ತಿದ ಆ ಮುದ್ರೆಯ ಬೆಲೆ ಎಷ್ಟೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. 1952ರಲ್ಲಿ ಫಾರೂಕ್ ಪದಚ್ಯುತನಾದನು. 1954ರಲ್ಲಿ ಅವನ ಸಂಗ್ರಹವು ಕೈರೋದಲ್ಲಿ ಹರಾಜಿಗೆ ಬಂದಾಗ, ಅಮೆರಿಕದ ಕೋರಿಕೆಯ ಮೇರೆಗೆ ಈ ನಾಣ್ಯವನ್ನು ಪಟ್ಟಿಯಿಂದ ತೆಗೆಯಲಾಯಿತು. ಆಮೇಲೆ ಅದು ಕಣ್ಮರೆಯಾಯಿತು.

1996ರಲ್ಲಿ ಸ್ಟೀಫನ್ ಫೆಂಟನ್ ಎಂಬ ಬ್ರಿಟಿಷ್ ನಾಣ್ಯ ವ್ಯಾಪಾರಿಯು ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಒಂದು ಡಬಲ್ ಈಗಲ್‌ನ ವ್ಯವಹಾರಕ್ಕೆ ಕುಳಿತಿದ್ದಾಗ, ಗಿರಾಕಿಗಳ ಸೋಗಿನಲ್ಲಿ ಬಂದ ಸೀಕ್ರೆಟ್ ಸರ್ವಿಸ್ ಅಧಿಕಾರಿಗಳು ಅವನನ್ನು ಬಂಧಿಸಿದರು. ಇದು ಫಾರೂಕನ ನಾಣ್ಯ, ಇದಕ್ಕೆ ನಿಮ್ಮದೇ ಪರವಾನಗಿ ಇದೆ ಎಂಬುದು ಅವನ ವಾದ. ಕಳವಿನ ಮಾಲಿಗೆ ನೀವೇ ರಹದಾರಿ ಕೊಟ್ಟ ಮೇಲೆ ಅದನ್ನು ಕಳವಿನದೆಂದು ಹೇಳುವುದು ಹೇಗೆ? ಕ್ರಿಮಿನಲ್ ಆರೋಪವು ಬಿದ್ದುಹೋಯಿತು. 2001ರಲ್ಲಿ ಸಿವಿಲ್ ವ್ಯಾಜ್ಯವು ರಾಜಿಯಲ್ಲಿ ಮುಗಿಯಿತು. ನಾಣ್ಯವನ್ನು ಹರಾಜು ಹಾಕಿ ಹಣವನ್ನು ಇಬ್ಬರೂ ಸಮವಾಗಿ ಹಂಚಿಕೊಳ್ಳಬೇಕೆಂದು ನಿಶ್ಚಯವಾಯಿತು.

2002ರ ಜುಲೈ 30ರ ಆ ಹರಾಜಿನಲ್ಲಿ ಕೂಗು 66 ಲಕ್ಷ ಡಾಲರಿಗೆ ನಿಂತಿತು. ಹರಾಜು ಸಂಸ್ಥೆಯ ಶೇಕಡಾ 15ರ ಶುಲ್ಕ ಸೇರಿ 75,90,000 ಡಾಲರು. ಅದರ ಮೇಲೆ ಇನ್ನೂ ಇಪ್ಪತ್ತು ಡಾಲರು! ಈ ನಾಣ್ಯವು ಎಂದೂ ಚಲಾವಣೆಗೆ ಬಂದಿರಲಿಲ್ಲವಾದ್ದರಿಂದ, ಅದನ್ನು ಹಣವನ್ನಾಗಿ ಮಾಡಲು ಮುಖಬೆಲೆಯನ್ನು ಖಜಾನೆಗೆ ಕಟ್ಟಬೇಕಾಯಿತು. ಕಾನೂನಿನ ಈ ತರ್ಕವು ನಗು ಬರಿಸಬಹುದು. ಆದರೆ ನಾಣ್ಯದ ಒಡೆತನ ನಿಷ್ಕಳಂಕವಾದುದು ಆಗಲೇ. ಆಗ ಕೊಂಡವರು ಪಾದರಕ್ಷೆಗಳ ವಿನ್ಯಾಸಕ ಸ್ಟುವರ್ಟ್ ವೈಟ್ಜ್‌ಮನ್ ಎಂಬುದು 2021ರ ಮಾರಾಟದ ವೇಳೆಗಷ್ಟೇ ತಿಳಿಯಿತು.

ಈ ದರವನ್ನು ಕೇಳಿದ ಮೇಲೆ, ಸ್ವಿಟ್‌ನ ಕುಟುಂಬದವರು 2003ರಲ್ಲಿ ಬ್ಯಾಂಕಿನ ಲಾಕರಿನಲ್ಲಿ ಹತ್ತು ಡಬಲ್ ಈಗಲ್‌ಗಳನ್ನು ಕಂಡಾಗ ಅವರ ಮನಸ್ಥಿತಿ ಹೇಗಿದ್ದೀತೆಂದು ಓದುಗರು ಊಹಿಸಿಕೊಳ್ಳಲಿ. ಅಸಲಿಯೇ ಎಂದು ಪರೀಕ್ಷಿಸಲು ಅವರು ಅವುಗಳನ್ನು ಟಂಕಸಾಲೆಗೆ ಒಪ್ಪಿಸಿದರು. ಅಸಲಿ ಎಂದ ಟಂಕಸಾಲೆಯು ಹಿಂದಿರುಗಿಸಲು ನಿರಾಕರಿಸಿತು. 2006ರಲ್ಲಿ ದಾವೆ ಹೂಡಲಾಯಿತು. ಆದೇಶ ಜಾರಿಯಾಗುವ ಮೊದಲಿನ ಕೆಲವು ವಾರಗಳಲ್ಲಿ ಖಜಾಂಚಿಯ ಕಿಟಕಿಯಲ್ಲಿ ಹಳೆಯ ಚಿನ್ನ ಕೊಟ್ಟು ಹೊಸ ನಾಣ್ಯವನ್ನು ನ್ಯಾಯವಾಗಿಯೇ ಪಡೆದಿರಬಹುದೆಂದು ಕುಟುಂಬದ ವಕೀಲರು ವಾದಿಸಿದರು. ಸರಕಾರವು ಟಂಕಸಾಲೆಯ ದೈನಂದಿನ ದಾಖಲೆಗಳನ್ನು ಮುಂದಿಟ್ಟು, ಹಾಗೆ ಹೊರಹೋದುದಕ್ಕೆ ಒಂದು ನಮೂದೂ ಇಲ್ಲವೆಂದು ತೋರಿಸಿತು. 2011ರಲ್ಲಿ ಜ್ಯೂರಿಯು ಸರಕಾರದ ಪರ ನಿರ್ಣಯ ಕೊಟ್ಟಿತು.

ತನ್ನಲ್ಲಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ದಾಟಿಸಲಾರರು ಎಂಬ ತತ್ವ ನಮ್ಮ 1930ರ ಸರಕು ಮಾರಾಟ ಕಾಯಿದೆಯ 27ನೆಯ ಕಲಮಿನಲ್ಲಿಯೂ ಇದೆ. ಹಳೆಯ ನಾಣ್ಯ ಕೂಡಿಡುವ ಮಕ್ಕಳು ನಾಣ್ಯದೊಂದಿಗೆ ಕೊಂಡ ರಸೀದಿಯನ್ನೂ ಜೋಪಾನ ಮಾಡುವುದು ಇದಕ್ಕಾಗಿಯೇ ಲೇಸು.

ಆದರೂ 2015ರ ಮೇಲ್ಮನವಿಯ ತೀರ್ಪು ನನ್ನನ್ನು ಚಿಂತನೆಗೆ ಹಚ್ಚಿದೆ. ಸ್ವತ್ತಿನ ಮುಟ್ಟುಗೋಲಿಗೆ ಕಾಯಿದೆ ವಿಧಿಸಿದ 90 ದಿನಗಳ ಗಡುವನ್ನು ಸರಕಾರವೇ ಮೀರಿತೆಂದು ಮೂವರಲ್ಲಿ ಇಬ್ಬರು ನ್ಯಾಯಾಧೀಶರು ಹೇಳಿ, ನಾಣ್ಯಗಳನ್ನು ಕುಟುಂಬಕ್ಕೆ ಕೊಡಬೇಕೆಂದಿದ್ದರು. 2016ರಲ್ಲಿ ಪೂರ್ಣಪೀಠವು 9–3ರ ಬಹುಮತದಿಂದ ಅದನ್ನು ತಿರುಗಿಸಿತು: ಸರಕಾರವು ತನ್ನದೇ ಸ್ವತ್ತನ್ನು ಇಟ್ಟುಕೊಂಡಿದ್ದರಿಂದ ಆ ಗಡುವು ಅನ್ವಯಿಸದು. ಪ್ರಜೆ ಒಂದು ದಿನ ತಡಮಾಡಿದರೂ ಅರ್ಜಿ ವಜಾ ಆಗುವುದನ್ನು ದಿನವೂ ಕಾಣುವ ವಕೀಲನಾದ ನನಗೆ ಆ ಮೂವರ ಭಿನ್ನಮತವೇ ಹೆಚ್ಚು ಹಿಡಿಸುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಮರುವರ್ಷ, ಹೆಸರು ಹೇಳದ ಒಬ್ಬರು ಇನ್ನೊಂದು ನಾಣ್ಯವನ್ನು ತಾವಾಗಿಯೇ ಒಪ್ಪಿಸಿದ್ದಾರೆಂದು ಟಂಕಸಾಲೆ ತಿಳಿಸಿತು. ಖಾಸಗಿಯವರು ನ್ಯಾಯಬದ್ಧವಾಗಿ ಇಟ್ಟುಕೊಳ್ಳಬಹುದಾದ 1933ರ ಡಬಲ್ ಈಗಲ್ ಇಂದಿಗೂ ಫಾರೂಕನ ಆ ಒಂದೇ.