ಎಲೆಯೆಂಬ ಅಡಿಗೆಮನೆ: ಮಕ್ಕಳಿಗೆ ಮಾಡಿ ತೋರಿಸಬಹುದಾದ ನಾಲ್ಕು ಪರೀಕ್ಷೆಗಳು



ನಿಮ್ಮ ಊರ ಮುಂದಿನ ಹುಣಸೆಮರವನ್ನು ಒಮ್ಮೆ ನೆನೆದುಕೊಳ್ಳಿರಿ. ನಿಮ್ಮ ಮುತ್ತಜ್ಜನ ಕಾಲದಲ್ಲಿ ಅದು ಬೆರಳು ಗಾತ್ರದ ಸಸಿಯಾಗಿದ್ದಿರಬಹುದು. ಇಂದು ಅದನ್ನು ಕಡಿದರೆ ಗಾಡಿಗಟ್ಟಲೆ ಸೌದೆಯಾದೀತು. ಇಷ್ಟು ಭಾರದ ಮರ ಎಲ್ಲಿಂದ ಬಂದಿತು? "ಮಣ್ಣಿನಿಂದ" ಎಂದು ನೀವು ಹೇಳುವಿರಿ. ನಿಮ್ಮ ಮಕ್ಕಳೂ ಹಾಗೆಯೇ ಹೇಳುವರು. ಮರವು ಮಣ್ಣನ್ನೇ ತಿಂದು ಬೆಳೆದಿದ್ದರೆ ಅದರ ಬುಡದಲ್ಲಿ ಅಷ್ಟೇ ದೊಡ್ಡ ಹಳ್ಳ ಬಿದ್ದಿರಬೇಕಾಗಿತ್ತಲ್ಲವೆ? ಅಂಥ ಹಳ್ಳ ಎಲ್ಲಿಯೂ ಕಾಣುವುದಿಲ್ಲ.

ಈ ಪ್ರಶ್ನೆಯನ್ನು ಇಂದು ರಾತ್ರಿ ಊಟದ ಹೊತ್ತಿನಲ್ಲಿ ಮಕ್ಕಳ ಮುಂದಿಡಿರಿ. ಉಪಾಧ್ಯಾಯರಾಗಿದ್ದರೆ ನಾಳೆ ತರಗತಿಯಲ್ಲಿ ಕೇಳಿರಿ. ಆದರೆ ಉತ್ತರವನ್ನು ನೀವೇ ಹೇಳಿಬಿಡಬೇಡಿರಿ. ಮಕ್ಕಳು ಮಾಡಿದ ಊಹೆಗಳನ್ನೆಲ್ಲ ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಬರೆದಿಡಿರಿ. ಹದಿನೈದು ದಿನ ಅದನ್ನು ಅಳಿಸಬಾರದು. ಅಷ್ಟರಲ್ಲಿ ಉತ್ತರವನ್ನು ಮಕ್ಕಳೇ ಕಣ್ಣಾರೆ ಕಾಣುವರು.

ಬಹು ಹಳೆಯ ಪ್ರಶ್ನೆ

ಈ ಪ್ರಶ್ನೆ ಹೊಸದೇನಲ್ಲ. ವಾನ್ ಹೆಲ್ಮಾಂಟ್ ಎಂಬಾತನು ಒಂದು ದೊಡ್ಡ ಕುಂಡದಲ್ಲಿ ಸುಮಾರು 90 ಕಿಲೋ ಒಣಮಣ್ಣನ್ನು ತೂಗಿ ಹಾಕಿ, ಸುಮಾರು 2 ಕಿಲೋ ತೂಕದ ಒಂದು ಸಸಿಯನ್ನು ನೆಟ್ಟನು. ಐದು ವರ್ಷ ಬರಿಯ ನೀರನ್ನು ಹಾಕಿ ಬೆಳೆಸಿದನು. ಆಗ ಮರ ಸುಮಾರು 77 ಕಿಲೋ ತೂಗಿತು. ಮಣ್ಣಿನಲ್ಲಿ ಕಡಿಮೆಯಾಗಿದ್ದುದು 60 ಗ್ರಾಮಿಗಿಂತ ಹೆಚ್ಚಿರಲಿಲ್ಲ. ಈ ವಿವರ 1648ರಲ್ಲಿ ಅಚ್ಚಾಯಿತು. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತಿಳಿದನು. ಅದು ಅರ್ಧ ಸರಿ, ಅರ್ಧ ತಪ್ಪು. ಗಾಳಿಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಕಡ್ಡಿಯೊಂದು ಮತ್ತೆ ಸರಿಪಡಿಸುತ್ತದೆಂಬುದನ್ನು ಪ್ರೀಸ್ಟ್ಲಿ 1771ರಲ್ಲಿ ಕಂಡನು. ಆ ಕೆಲಸವನ್ನು ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿನಲ್ಲಿ ಮಾತ್ರ ಮಾಡುತ್ತದೆಂದು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದನು.

ಹೀಗೆ ಒಬ್ಬರ ಹಿಂದೆ ಒಬ್ಬರು ಪರೀಕ್ಷೆ ಮಾಡಿ ಕಂಡುಕೊಂಡ ವಿಷಯ ಇದು: ಬೇರು ನೀರನ್ನು ಮೇಲಕ್ಕೆ ಕಳುಹಿಸುತ್ತದೆ. ಎಲೆಯು ಕಣ್ಣಿಗೆ ಕಾಣದ ಸಣ್ಣ ರಂಧ್ರಗಳ ಮೂಲಕ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಒಳಗೆ ತೆಗೆದುಕೊಳ್ಳುತ್ತದೆ. ಇದನ್ನೇ ಈಗಿನ ಪಾಠಪುಸ್ತಕಗಳಲ್ಲಿ ಇಂಗಾಲದ ಡೈಆಕ್ಸೈಡ್ ಎನ್ನುತ್ತಾರೆ. ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ಇದು ಸುಮಾರು ನಾಲ್ಕು ಪಾಲು ಮಾತ್ರ. ಎಲೆಯ ಹಸಿರು ಬಿಸಿಲಿನ ಬಲದಿಂದ ಇವೆರಡನ್ನೂ ಕೂಡಿಸಿ ಸಕ್ಕರೆಯನ್ನೂ ಪಿಷ್ಟವನ್ನೂ ಮಾಡುತ್ತದೆ. ಆಮ್ಲಜನಕವನ್ನು ಹೊರಕ್ಕೆ ಬಿಡುತ್ತದೆ. ಎಲೆಯೇ ಅಡಿಗೆಮನೆ, ಬಿಸಿಲೇ ಒಲೆ. ಇದಕ್ಕೆ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಎಂದು ಹೆಸರು. ಹೆಸರನ್ನು ಮಕ್ಕಳಿಗೆ ಕೊನೆಯಲ್ಲಿ ಹೇಳಿದರೆ ಸಾಕು. ಮೊದಲು ಕೆಲಸವನ್ನು ತೋರಿಸಿರಿ.

ಮೊದಲನೆಯ ಪರೀಕ್ಷೆ: ಕತ್ತಲೆಯ ಸಸಿ, ಬೆಳಕಿನ ಸಸಿ

ಎರಡು ತೆಂಗಿನ ಚಿಪ್ಪುಗಳ ತಳಕ್ಕೆ ತೂತು ಮಾಡಿ ಒಂದೇ ಬಗೆಯ ಮಣ್ಣು ತುಂಬಿರಿ. ಒಂದೊಂದರಲ್ಲಿ ಹತ್ತು ಹೆಸರುಕಾಳನ್ನು ಬಿತ್ತಿರಿ. ಒಂದನ್ನು ಬಿಸಿಲು ಬೀಳುವ ಕಡೆ ಇಡಿರಿ. ಇನ್ನೊಂದರ ಮೇಲೆ ಮಣ್ಣಿನ ಮಡಕೆಯನ್ನು ಕವುಚಿರಿ. ಎರಡಕ್ಕೂ ಸಮನಾಗಿ ನೀರು ಹಾಕಿರಿ.

ಎಂಟು ದಿನಗಳ ಮೇಲೆ ಮಡಕೆಯನ್ನು ಎತ್ತಿದರೆ ಕತ್ತಲೆಯ ಸಸಿಗಳು ಬೆಳಕಿನವುಗಳಿಗಿಂತ ಎತ್ತರವಾಗಿರುತ್ತವೆ! "ಕತ್ತಲೆಯ ಸಸಿಯೇ ಗೆದ್ದಿತು" ಎಂದು ಮಕ್ಕಳು ಕೂಗುವರು. ಅವರನ್ನು ಗದರಿಸಬೇಡಿರಿ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ. "ಬಣ್ಣವನ್ನು ನೋಡಿ, ಕಾಂಡವನ್ನು ಮುಟ್ಟಿ ನೋಡಿ" ಎನ್ನಿರಿ. ಅವು ಹಳದಿಯಾಗಿ, ನೂಲಿನಂತೆ ಬಡಕಲಾಗಿರುತ್ತವೆ. ಕಾಳಿನಲ್ಲಿ ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯನ್ನು ತಿಂದುಕೊಂಡು ಬೆಳಕನ್ನು ಹುಡುಕುತ್ತ ಅವು ಉದ್ದವಾಗಿವೆ, ಅಷ್ಟೆ. ಮತ್ತೆ ಒಂದು ವಾರ ಮುಚ್ಚಿಟ್ಟರೆ ಬುತ್ತಿ ಮುಗಿದು ಒರಗಿಬೀಳುತ್ತವೆ. ಮೊದಲೇ ಒಂದೆರಡು ಸಸಿಗಳನ್ನು ಬೇರೆ ಚಿಪ್ಪಿಗೆ ನೆಟ್ಟು ಬೆಳಕಿಗೆ ಇಟ್ಟಿದ್ದರೆ ಅವು ಹಸಿರಾಗಿ ಬದುಕಿಕೊಳ್ಳುವುದನ್ನೂ ಕಾಣಬಹುದು.

ಇದು ನಮ್ಮ ತಾಯಂದಿರಿಗೆ ತಿಳಿಯದ ಸಂಗತಿಯಲ್ಲ. ನವರಾತ್ರಿಯಲ್ಲಿ ದೇವರಕೋಣೆಯ ಘಟದ ಸುತ್ತ ಬಿತ್ತಿದ ಧಾನ್ಯ ಹಳದಿಯಾಗಿ ಉದ್ದಕ್ಕೆ ಬರುವುದನ್ನು ವರ್ಷ ವರ್ಷವೂ ಕಾಣುತ್ತೇವೆ. ಕಾರಣವನ್ನು ಕೇಳಿಕೊಂಡಿರಲಿಲ್ಲ, ಅಷ್ಟೆ.

ಎರಡನೆಯ ಪರೀಕ್ಷೆ: ನೀರೊಳಗಿನ ಗುಳ್ಳೆಗಳು

ಕೆರೆಯ ಅಂಚಿನಲ್ಲಿ ನೀರೊಳಗೇ ಮುಳುಗಿ, ಜಡೆಯಂತೆ ಬೆಳೆಯುವ ಹಸಿರು ಸಸ್ಯವನ್ನು ದೊಡ್ಡವರೇ ತಂದುಕೊಡಿರಿ. ಮಕ್ಕಳನ್ನು ನೀರಿಗೆ ಇಳಿಸಬೇಡಿರಿ. ಗಾಜಿನ ಲೋಟದಲ್ಲಿ ಅದೇ ಕೆರೆಯ ನೀರನ್ನು ತುಂಬಿ ಒಂದು ಚಿಟಿಕೆ ಅಡಿಗೆಸೋಡ ಹಾಕಿರಿ. ಇದರಿಂದ ಗಿಡಕ್ಕೆ ಇಂಗಾಲಾಮ್ಲ ಹೆಚ್ಚಾಗಿ ದೊರೆಯುತ್ತದೆ. ಕುಡಿಯನ್ನು ಆಗತಾನೆ ಕತ್ತರಿಸಿ, ಕತ್ತರಿಸಿದ ತುದಿ ಮೇಲಾಗುವಂತೆ ಮುಳುಗಿಸಿರಿ. ಬಿಸಿಲಿನಲ್ಲಿಟ್ಟರೆ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ಒಂದು ನಿಮಿಷಕ್ಕೆ ಎಷ್ಟೆಂದು ಮಕ್ಕಳು ಎಣಿಸಲಿ. ಲೋಟವನ್ನು ಕೋಣೆಯೊಳಕ್ಕೆ ಒಯ್ದು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಲಿ. ಗುಳ್ಳೆ ತಗ್ಗುತ್ತದೆ. ಆ ಗುಳ್ಳೆಯಲ್ಲಿ ಹೆಚ್ಚಾಗಿರುವುದು ನಾವು ಉಸಿರಾಡುವ ಆಮ್ಲಜನಕ.

ಜಾಣ ಹುಡುಗಿಯೊಬ್ಬಳು "ನೀರು ಕಾದರೂ ಗುಳ್ಳೆ ಬರುತ್ತದಲ್ಲ?" ಎಂದು ಕೇಳಬಹುದು. ಆ ಪ್ರಶ್ನೆ ಸರಿಯಾದುದೇ. ಪಕ್ಕದಲ್ಲಿ ಇನ್ನೊಂದು ಲೋಟದಲ್ಲಿ ಅದೇ ನೀರು, ಅದೇ ಸೋಡ, ಗಿಡದ ಬದಲು ಒಂದು ಕಲ್ಲುಹರಳು ಹಾಕಿಡಿರಿ. ಗಾಜಿನ ಗೋಡೆಗೆ ಅಂಟಿದ ಗುಳ್ಳೆ ಅದರಲ್ಲಿಯೂ ಕಂಡೀತು. ಸಾಲಾಗಿ ಏಳುವ ಗುಳ್ಳೆ ಗಿಡವಿರುವ ಲೋಟದಲ್ಲಿ ಮಾತ್ರ.

ಮೂರನೆಯ ಪರೀಕ್ಷೆ: ಎಲೆಯಲ್ಲಿ ಗಂಜಿ ಇದೆಯೆ?

ಗಾಯಕ್ಕೆ ಹಚ್ಚುವ ಕಂದು ಬಣ್ಣದ ಅಯೋಡಿನ್ ದ್ರಾವಣ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ನೀರು ಬೆರೆಸಿ ತಿಳಿ ಮಾಡಿಕೊಳ್ಳಿರಿ. ಮೊದಲು ಆರಿದ ಅನ್ನದ ಗಂಜಿಗೆ ಒಂದು ತೊಟ್ಟು ಬಿಡಿರಿ, ಕಪ್ಪು ನೀಲಿಯಾಗುತ್ತದೆ. ಉಪ್ಪಿಗೆ, ಸಕ್ಕರೆಗೆ ಬಿಡಿರಿ, ಆಗುವುದಿಲ್ಲ. ಪಿಷ್ಟವಿರುವಲ್ಲಿ ನೀಲಿ ಎಂಬುದು ಮಕ್ಕಳಿಗೆ ತಿಳಿಯಿತು. ಪರೀಕ್ಷಿಸಿದ ಪದಾರ್ಥವನ್ನು ಯಾರೂ ಬಾಯಿಗೆ ಹಾಕಬಾರದು.

ಈಗ ದಾಸವಾಳದ ಗಿಡದಲ್ಲಿಯೇ ಇರುವ ಒಂದು ಎಲೆಯ ನಡುವೆ, ಮೇಲೂ ಕೆಳಗೂ ಕಪ್ಪು ಕಾಗದದ ಪಟ್ಟಿಯಿಟ್ಟು ಕ್ಲಿಪ್ಪಿನಿಂದ ಬಿಗಿಯಿರಿ. ಮೂರು ದಿನ ಬಿಡಿರಿ. ಒಳ್ಳೆಯ ಬಿಸಿಲಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಎಲೆಯನ್ನು ಕಿತ್ತು, ಪಟ್ಟಿ ತೆಗೆದು, ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿರಿ. ಅನಂತರ *ಒಲೆಯನ್ನು ಪೂರ್ತಿ ಆರಿಸಿರಿ*. ಒಂದು ಲೋಟದಲ್ಲಿ ಸ್ಪಿರಿಟ್ ಹಾಕಿ, ಎಲೆಯನ್ನು ಅದರಲ್ಲಿ ಮುಳುಗಿಸಿ, ಆ ಲೋಟವನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಿರಿ. ಸ್ಪಿರಿಟ್ಟಿಗೆ ಬೆಂಕಿ ಬಹು ಬೇಗ ಹತ್ತುತ್ತದೆ. ಆದುದರಿಂದ ಈ ಭಾಗವನ್ನು ದೊಡ್ಡವರೇ ಮಾಡತಕ್ಕದ್ದು, ಮಕ್ಕಳು ದೂರದಿಂದ ನೋಡತಕ್ಕದ್ದು.

ಹಸಿರೆಲ್ಲ ಸ್ಪಿರಿಟ್ಟಿಗೆ ಇಳಿದು ಎಲೆ ಬೆಳ್ಳಗಾಗುತ್ತದೆ. ಅದನ್ನು ಬಿಸಿನೀರಿನಲ್ಲಿ ತೊಳೆದು, ಬಿಳಿಯ ತಟ್ಟೆಯಲ್ಲಿ ಹರವಿ ಅಯೋಡಿನ್ ಬಿಡಿರಿ. ಬಿಸಿಲು ಬಿದ್ದ ಭಾಗವೆಲ್ಲ ಗಂಜಿಯಂತೆಯೇ ನೀಲಿಗಪ್ಪಾಗುತ್ತದೆ. ಪಟ್ಟಿ ಮುಚ್ಚಿದ್ದ ಜಾಗ ಮಾತ್ರ ಹಾಗೆಯೇ ಉಳಿಯುತ್ತದೆ. ಒಲೆ ಹೊತ್ತದ ಜಾಗದಲ್ಲಿ ಅಡಿಗೆಯಾಗಿಲ್ಲ!

ನಾಲ್ಕನೆಯ ಪರೀಕ್ಷೆ: ಕೆಂಪು ಎಲೆಯ ಗುಟ್ಟು

"ಕೆಂಪು ದಂಟಿನ ಸೊಪ್ಪಿನಲ್ಲಿ ಹಸಿರೇ ಇಲ್ಲವಲ್ಲ, ಅದು ಹೇಗೆ ಬದುಕುತ್ತದೆ?" ಎಂದು ಮಕ್ಕಳನ್ನು ಕೇಳಿರಿ. ಸೊಪ್ಪನ್ನು ನೀರಿನಲ್ಲಿ ಬೇಯಿಸಿರಿ. ಕೆಂಪು ನೀರಿಗೆ ಬಿಟ್ಟುಕೊಂಡು, ಅಡಗಿದ್ದ ಹಸಿರು ಎಲೆಯಲ್ಲಿ ಕಾಣುತ್ತದೆ. ಇದಕ್ಕೆ ಖರ್ಚಿಲ್ಲ, ಸೊಪ್ಪು ಸಾರಿಗೂ ಆಯಿತು.

ಫಲ ಸಿಗದಿದ್ದರೆ

ಮೋಡದ ದಿನ ಕಿತ್ತ ಎಲೆ, ಸರಿಯಾಗಿ ಬಿಳುಪಾಗದ ಎಲೆ, ಸಡಿಲವಾಗಿ ಕಟ್ಟಿದ ಪಟ್ಟಿ, ಇವುಗಳಿಂದ ಪರೀಕ್ಷೆ ಕೆಡಬಹುದು. ಆದುದರಿಂದ ಆಷಾಢದ ಮೋಡದಲ್ಲಿ ಮಾಡುವುದಕ್ಕಿಂತ ಕಾರ್ತಿಕದ ಬಿಸಿಲಿನಲ್ಲಿ ಮಾಡುವುದು ಲೇಸು. ಕೆಟ್ಟರೆ "ನೀಲಿಯಾಯಿತೆಂದು ಬರೆದುಕೊಳ್ಳಿ" ಎಂದು ಮಾತ್ರ ಹೇಳಬೇಡಿರಿ. ಕಾಣದ್ದನ್ನು ಕಂಡೆನೆಂದು ಬರೆಯಲು ಕಲಿತ ಮಗು ಮುಂದೆ ಹೊಲದಲ್ಲಿಯೂ ಲೆಕ್ಕದಲ್ಲಿಯೂ ಅದನ್ನೇ ಮಾಡೀತು. ಎಲ್ಲಿ ತಪ್ಪಾಯಿತೆಂದು ಒಟ್ಟಿಗೆ ಹುಡುಕಿ, ಮತ್ತೊಮ್ಮೆ ಮಾಡಿರಿ.

ಇದರಿಂದ ಹೊಲಕ್ಕೇನು ಲಾಭ?

ಹಾಗಾದರೆ ಮಣ್ಣು ಗೊಬ್ಬರ ಬೇಡವೆ ಎಂದು ನೀವು ಕೇಳಬಹುದು. ಖಂಡಿತ ಬೇಕು. ಅಕ್ಕಿಯಿಲ್ಲದೆ ಉಪ್ಪಿನಿಂದಲೇ ಊಟವಾಗುವುದಿಲ್ಲ. ಉಪ್ಪಿಲ್ಲದೆ ಊಟ ಸೇರುವುದೂ ಇಲ್ಲ. ಗೊಬ್ಬರ ಗಿಡಕ್ಕೆ ಉಪ್ಪಿದ್ದಂತೆ. ಅದರಲ್ಲಿರುವ ಸಾರಜನಕ ಸಾಲದಿದ್ದರೆ ಎಲೆ ಹಳದಿಯಾಗುತ್ತದೆ. ಹಸಿರು ತಗ್ಗಿದರೆ ಅಡಿಗೆಯೂ ತಗ್ಗುತ್ತದೆ.

ಇದನ್ನು ಕಣ್ಣಾರೆ ಕಂಡ ಹುಡುಗನಿಗೆ ಬೇಸಾಯದ ಅನೇಕ ಮಾತುಗಳು ತಾವಾಗಿಯೇ ಅರ್ಥವಾಗುತ್ತವೆ. ಪೈರನ್ನು ಒತ್ತಾಗಿ ನೆಟ್ಟರೆ ಒಂದರ ಎಲೆ ಇನ್ನೊಂದರ ಒಲೆಯನ್ನು ಆರಿಸುತ್ತದೆ. ಕಳೆ ಮೇಲೆದ್ದರೆ ನೀರು ಗೊಬ್ಬರದ ಜೊತೆಗೆ ಬಿಸಿಲನ್ನೂ ಕದಿಯುತ್ತದೆ. ಹುಳು ಎಲೆಯನ್ನು ತಿಂದರೆ ತೆನೆಗೆ ಹೋಗಬೇಕಾದ ಕಾಳನ್ನೇ ತಿಂದಂತೆ. "ಕಳೆ ಕೀಳು" ಎಂದು ನೂರು ಸಲ ಹೇಳಿಸಿಕೊಂಡವನಿಗಿಂತ, ಮಡಕೆಯ ಕೆಳಗಿನ ಹಳದಿ ಸಸಿಯನ್ನು ಒಮ್ಮೆ ಕಂಡವನು ಚೆನ್ನಾಗಿ ಕಳೆ ಕೀಳುವನು.

ಎಲ್ಲ ಮುಗಿದ ಮೇಲೆ ಮಕ್ಕಳನ್ನು ಕಪ್ಪುಹಲಗೆಯ ಮುಂದೆ ಕೂರಿಸಿ, ಹದಿನೈದು ದಿನದ ಹಿಂದಿನ ಊಹೆಗಳನ್ನು ಅವರಿಂದಲೇ ತಿದ್ದಿಸಿರಿ. ನಾವು ಉಣ್ಣುವ ರಾಗಿಮುದ್ದೆ, ಜೋಳದ ರೊಟ್ಟಿ, ದನ ಮೇಯುವ ಹುಲ್ಲು, ಒಲೆಯಲ್ಲಿ ಉರಿಯುವ ಸೌದೆ, ಎಲ್ಲವೂ ಎಲೆ ಹಿಡಿದಿಟ್ಟ ಬಿಸಿಲೆಂದು ಆಗ ಹೇಳಿರಿ. ಅವರು ನಂಬುವರು, ಏಕೆಂದರೆ ನೋಡಿದ್ದಾರೆ.

ಬೇಕಾದ ಸಾಮಾನು ಹೆಚ್ಚೇನೂ ಇಲ್ಲ. ಈ ವಾರ ಸಂತೆಗೆ ಹೋದಾಗ ಒಂದು ಸಣ್ಣ ಸೀಸೆ ಅಯೋಡಿನನ್ನು ಮರೆಯದೆ ತನ್ನಿರಿ. ತೆಂಗಿನ ಚಿಪ್ಪು ಮನೆಯಲ್ಲಿಯೇ ಇದೆ.